ಭಾಯಿಯ ಅಡ್ಡೆಯಲ್ಲಿ ಸೇಫ್ಟಿ ಆಫೀಸರ್

ನಮ್ಮ ಚಿಕ್ಕಪ್ಪ ಕೆಲವು ಕಾಲ ಮುಂಬಯಿಯ ಗೂಂಡಾಗಳ ಬಳಿ ನೌಕರಿಗಿದ್ದರು. ನೀವು ನಂಬುವುದಿಲ್ಲ, ನನಗೆ ಗೊತ್ತು. ಮುಲುಂಡಿನ ನಮ್ಮ ಬಿಲ್ಡಿಂಗಿನ ವಾಚ್‌ಮನ್ನೇ ನಂಬಲಿಲ್ಲ. ಲಿಫ್ಟಿನ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಎಳೆದೆಳೆದು ನೋಡಿ, ಆಮೇಲೆ ಯಾವುದಕ್ಕೂ ಇರಲಿ ಎಂದು ಮೆಟ್ಟಿಲು ಹತ್ತಿಕೊಂಡೇ ಬರುವ ಮನುಷ್ಯ ಗೂಂಡಾ ಆಗುವುದಾದರೂ ಹೇಗೆ?

ಚಿಕ್ಕಪ್ಪ ಠಾಣೆಯ ಕಡೆಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದವರು. ನಿವೃತ್ತಿ ಆದದ್ದು ಕೆಲಸದಿಂದ ಮಾತ್ರ, ಸ್ವಭಾವದಿಂದಲ್ಲ. ಮದುವೆಯಾಗದ ಕಾರಣ ಅವರು ಮೊದಲಿನಿಂದಲೂ ನಮ್ಮ ಜೊತೆಯಲ್ಲೇ ಇದ್ದಾರೆ. ಹಾಗಾಗಿ ಕಾರ್ಖಾನೆ ಕಳೆದುಕೊಂಡದ್ದು ಪೂರ್ತಿಯಾಗಿ ನಮಗೇ ಸಿಕ್ಕಿತು. ಅಮ್ಮ ಕುಕ್ಕರ್ ಇಟ್ಟರೆ ಅವರು ಬಾಗಿಲ ಹಿಂದೆ ನಿಲ್ಲುತ್ತಾರೆ. ಒಮ್ಮೆ ಮದುವೆಯೊಂದರಲ್ಲಿ ಅಕ್ಷತೆ ಹಾಕಲು ಹೋದವರು ಮದುಮಗನ ಕಿವಿಯಲ್ಲಿ ಏನನ್ನೋ ಹೇಳಿ ಬಂದರು. ಆಶೀರ್ವಾದ ಎಂದುಕೊಂಡೆವು. "ಬೆಂಕಿ ಬಿದ್ದರೆ ಅಡುಗೆಮನೆಯ ಹಿಂದಿನ ಬಾಗಿಲಿಂದ ಓಡು" ಎಂದು ಹೇಳಿದ್ದರಂತೆ. ಹುಡುಗ ಆ ಮಾತನ್ನು ಬೇರೆ ಅರ್ಥದಲ್ಲಿ ತೆಗೆದುಕೊಳ್ಳಲಿಲ್ಲ ಎಂಬುದೇ ಹುಡುಗಿಯ ಮನೆಯವರ ಪುಣ್ಯ!

ಅವರ ಆಸ್ತಿ ಎಂದರೆ ಎರಡು. ಒಂದು, ಕೊರಳಲ್ಲಿ ಜನಿವಾರಕ್ಕೆ ಜೊತೆಯಾಗಿ ಸದಾ ತೂಗುವ ಉಕ್ಕಿನ ಸೀಟಿ. ಇನ್ನೊಂದು, ತಲೆ ಎಣಿಸುವ ಚಟ. ಕಾರ್ಖಾನೆಯಲ್ಲಿ ಫೈರ್ ಡ್ರಿಲ್ ಮಾಡಿಸಿದಾಗ ಹೊರಗೆ ಬಂದವರನ್ನೆಲ್ಲ ಎಣಿಸಿ, ಲೆಕ್ಕ ಸರಿಯಾದ ಮೇಲೆಯೇ ಒಳಗೆ ಬಿಡುವುದು ರೂಢಿಯಂತೆ. ಮನೆಯಲ್ಲೂ ಅಷ್ಟೇ. ರಾತ್ರಿ ಚಿಲಕ ಹಾಕುವ ಮುಂಚೆ ಬೆರಳು ಎತ್ತಿ ನಮ್ಮನ್ನೆಲ್ಲ ಎಣಿಸಲೇಬೇಕು. ತಮಾಷೆ ಏನೆಂದರೆ, ಎಣಿಸುವವರು ತಮ್ಮನ್ನು ತಾವು ಎಣಿಸಿಕೊಳ್ಳುವುದಿಲ್ಲ. ಮಾಥೇರಾನಿಗೆ ಹೊರಟಾಗ ಸ್ಟೇಷನ್ನಿನಲ್ಲಿ ಎಣಿಸಿದರು, ಐದು ತಲೆ. ಟಿಕೆಟ್ ಆರು. ಮುಖ ಬಿಳಿಚಿಕೊಂಡಿತು. ಬಂದ ಲೋಕಲ್ಲುಗಳನ್ನೆಲ್ಲ ಬಿಟ್ಟು ಪ್ಲಾಟ್‌ಫಾರಂ ತುಂಬ ಆರನೆಯವರನ್ನು ಹುಡುಕಾಡಿದರು. ಕೊನೆಗೆ ಅಜ್ಜಿಯೇ, "ಅಯ್ಯೋ ಪೆದ್ದ, ನಿನ್ನನ್ನ ನೀನೇ ಹುಡುಕ್ತಾ ಇದೀಯಲ್ಲೋ" ಎನ್ನಬೇಕಾಯಿತು. ಎಷ್ಟೋ ವರ್ಷ ಇದನ್ನು ಹೇಳಿಕೊಂಡು ನಕ್ಕಿದ್ದೇವೆ.

ಇಂಥವರಿಗೆ ಒಬ್ಬ ಗೆಳೆಯ, ಭೋಜಣ್ಣ. ಉಡುಪಿ ಕಡೆಯವರು, ಅದೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವರು. ಚಿಕ್ಕಪ್ಪ ನುಗ್ಗೆಕಾಯಿಯಾದರೆ ಭೋಜಣ್ಣ ಒರಳುಕಲ್ಲು, ಮೇಲೊಂದು ದಪ್ಪ ಮೀಸೆ. ಚಿಕ್ಕಪ್ಪನಿಗೆ ಎಲ್ಲದಕ್ಕೂ ಭಯ. ಭೋಜಣ್ಣನಿಗೆ ಯಾವುದಕ್ಕೂ ಇಲ್ಲ, ಯಾಕೆಂದರೆ ಅವರು ಯಾವುದನ್ನೂ ಗಮನಿಸುವುದೇ ಇಲ್ಲ. ಕಾದ ಬಾಣಲೆಯನ್ನು ಬರಿಗೈಯಲ್ಲಿ ಇಳಿಸುತ್ತಾರೆ. ಅವರಿಗೆ ಕೈಗವಸು ಹಾಕಿಸಬೇಕೆಂದು ಚಿಕ್ಕಪ್ಪ ಹಿಂದೆ ಬಿದ್ದರು. ಕೈಗವಸು ಹಾಕಿಸಲಾಗಲಿಲ್ಲ, ಸ್ನೇಹ ಮಾತ್ರ ಗಟ್ಟಿಯಾಯಿತು.

ನಿವೃತ್ತಿಯ ನಂತರ ಭೋಜಣ್ಣನಿಗೆ ಘಾಟ್ಕೋಪರಿನ ಒಂದು ಆಫೀಸಿನಲ್ಲಿ ಅಡುಗೆ ಕೆಲಸ ಸಿಕ್ಕಿತು. "ಒಬ್ಬನೇ ಬೇಜಾರು ರಾಯ್ರೆ, ನೀವೂ ಬನ್ನಿ. ತರಕಾರಿ ತಂದು ಕೊಟ್ಟರೆ ಸಾಕು" ಎಂದು ಕರೆದರು. ಚಿಕ್ಕಪ್ಪ ಟಿಫಿನ್ ಡಬ್ಬಿ ಹಿಡಿದು ಹೊರಟರು. ಆಫೀಸಿನ ಹೊರಗೆ ರಿಯಲ್ ಎಸ್ಟೇಟ್ ಎಂಬ ಬೋರ್ಡು. ಒಳಗೆ ದಪ್ಪ ಕತ್ತಿನ ಹುಡುಗರು ದಿನವಿಡೀ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿರುತ್ತಿದ್ದರು. ಮೂಲೆಯಲ್ಲಿ ಹಾಕಿ ಸ್ಟಿಕ್ಕುಗಳ ಒಂದು ಕಟ್ಟು. ಮಾಲೀಕನನ್ನು ಎಲ್ಲರೂ ಭಾಯಿ ಎನ್ನುತ್ತಿದ್ದರು.

ಇಷ್ಟು ಹೇಳಿದರೆ ನಿಮಗೆ ಅರ್ಥವಾಯಿತು. ನಮ್ಮವರಿಗೆ ಆಗಬೇಕಲ್ಲ! ಚಿಕ್ಕಪ್ಪ ಸ್ಟಿಕ್ಕುಗಳನ್ನು ನೋಡಿ, "ಬಾಲ್ ಕಹಾಂ ಹೈ?" ಎಂದು ಕೇಳಿದರು. ಪಾಪ, ಚೆಂಡಿಲ್ಲದೆ ಆಟ ನಿಂತುಹೋಗಿದೆ ಎಂದು ಮಾರನೆಯ ದಿನ ಒಂದು ಚೆಂಡನ್ನೂ ಹುಡುಗರು ಮೊಣಕಾಲ ಕೆಳಗೆ ಕಟ್ಟಿಕೊಳ್ಳುವ ಪ್ಯಾಡುಗಳನ್ನೂ ಕೊಂಡೊಯ್ದರು. ಇನ್ನೊಂದು ದಿನ ಸೋಫಾದ ಅಡಿಯಲ್ಲಿ ತುಕ್ಕು ಹಿಡಿದ ಮಚ್ಚು ಸಿಕ್ಕಿತು. ಬೇರೆಯವರಾದರೆ ಎದ್ದು ಓಡುತ್ತಿದ್ದರು. ಚಿಕ್ಕಪ್ಪ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ, ಧನುರ್ವಾಯುವಿನ ಇಂಜೆಕ್ಷನ್ ಯಾರು ಯಾರು ತೆಗೆದುಕೊಂಡಿಲ್ಲ ಎಂದು ವಿಚಾರಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋದರು. ಪೊಲೀಸರ ಲಾಠಿಗೆ ಅಂಜದ ಹುಡುಗರು ಸೂಜಿ ಕಂಡು ಅತ್ತರಂತೆ.

"ಅಲ್ಲ ಭೋಜಣ್ಣ, ನಿಮಗೂ ಅನುಮಾನ ಬರಲಿಲ್ಲವಾ?" ಎಂದು ಆಮೇಲೆ ನಾನು ಕೇಳಿದೆ.

"ಎಂತ ಅನುಮಾನ? ಹುಡುಗರು ಲಾಯ್ಕ ಊಟ ಮಾಡ್ತಿದ್ರು" ಎಂದರು.

ಆ ಆಫೀಸಿನ ಪಕ್ಕದ ಗಲ್ಲಿಯಲ್ಲಿ ಒಂದು ಹಳೆಯ ಬಿಲ್ಡಿಂಗ್. ಯಾರೋ ಬಿಲ್ಡರನಿಗಾಗಿ ಅದನ್ನು ಖಾಲಿ ಮಾಡಿಸಿಕೊಡುವುದು ಭಾಯಿಯ ಕೆಲಸ. ಅಲ್ಲಿ ಮೇಲಿನ ಮಾಳಿಗೆಯಲ್ಲಿ ಒಬ್ಬ ಮರಾಠಿ ಆಜಿ ಇದ್ದರು, ಹಿಂದೆ ಸ್ಕೂಲ್ ಟೀಚರ್ ಆಗಿದ್ದವರು. ಅವರು ಜಪ್ಪಯ್ಯ ಎಂದರೂ ಮನೆ ಬಿಡಲೊಲ್ಲರು. ಅವರು ಬಿಟ್ಟರೆ ಎಲ್ಲರೂ ಬಿಡುತ್ತಾರೆ, ಅವರು ಇದ್ದರೆ ಎಲ್ಲರೂ ಇರುತ್ತಾರೆ. ಹೆದರಿಸಲು ಹೋದ ಹುಡುಗರಲ್ಲಿ ಇಬ್ಬರು ಅವರದೇ ಶಿಷ್ಯರು. ಕಿವಿ ಹಿಂಡಿಸಿಕೊಂಡು ವಾಪಸು ಬಂದರು. ಆಗ ಭಾಯಿಯ ಕಣ್ಣು ನಮ್ಮ ಜೋಡಿಯ ಮೇಲೆ ಬಿತ್ತು. ಬಾಗಿಲಲ್ಲಿ ನಿಲ್ಲಲು ಭೋಜಣ್ಣನ ಮೀಸೆ, ಮಾತಾಡಲು ಚಿಕ್ಕಪ್ಪನ ಬಾಯಿ. "ಬುಡ್ಢೀ ಕೋ ಬಸ್ ಥೋಡಾ ಡರಾನಾ ಹೈ" ಎಂದ. ಮುದುಕಿಯನ್ನು ಸ್ವಲ್ಪ ಹೆದರಿಸಿದರೆ ಸಾಕು!

ಚಿಕ್ಕಪ್ಪನಿಗೆ ಹಿಗ್ಗೋ ಹಿಗ್ಗು. ಜನರನ್ನು ಹೆದರಿಸುವುದೇ ಅವರು ಜೀವಮಾನವಿಡೀ ಮಾಡಿದ ಕೆಲಸವಲ್ಲವೇ? ಅಪಾಯದ ಕಟ್ಟಡದಲ್ಲಿರುವ ಅಜ್ಜಿಯ ಮೇಲೆ ಭಾಯಿಗೆ ಎಂಥ ಕಾಳಜಿ ಎಂದುಕೊಂಡೇ ಹೋದರು. ಖಾಲಿ ಕೈಯಲ್ಲಿ ಹೋಗಬಾರದೆಂದು ಭೋಜಣ್ಣ ನೀರುದೋಸೆ ಕಟ್ಟಿಕೊಂಡರು. ಚಿಕ್ಕಪ್ಪ ಅಲ್ಲಿನ ಜೋತುಬಿದ್ದ ವೈರುಗಳನ್ನು ಕಂಡು ನಿಜವಾಗಿಯೂ ನಡುಗಿ, ಎಲ್ಲೆಲ್ಲಿ ಏನೇನಾಗಬಹುದು ಎಂದು ಒಂದೂ ಬಿಡದೆ ವಿವರಿಸಿದರು. ಆಜಿ ದೋಸೆ ತಿನ್ನುತ್ತ ಎಲ್ಲವನ್ನೂ ಕೇಳಿ, "ಮಗ್ ಕಾಯ್ ಕರಾಯಚಂ?" ಎಂದರು. ಹಾಗಾದರೆ ಏನು ಮಾಡಬೇಕು?

ಈ ಪ್ರಶ್ನೆಯನ್ನು ಕಾರ್ಖಾನೆಯ ಒಬ್ಬ ಮ್ಯಾನೇಜರೂ ಚಿಕ್ಕಪ್ಪನಿಗೆ ಕೇಳಿರಲಿಲ್ಲ. ಅವರು ಅಲ್ಲೇ ಕರಗಿಹೋದರು. ಮುಂದಿನ ಭಾನುವಾರದ ಹೊತ್ತಿಗೆ ಬಿಲ್ಡಿಂಗಿನ ಪ್ರತಿ ಬಾಗಿಲಲ್ಲೂ ಮರಳು ತುಂಬಿದ ಕೆಂಪು ಬಕೆಟ್ಟು. ಸೀಟಿ ಊದಿದರೆ ಎಲ್ಲರೂ ಬಕೆಟ್ಟು ಹಿಡಿದು, ಓಡದೆ, ಸಾಲಾಗಿ ಇಳಿದು ಗೇಟಿನ ಬಳಿ ಸೇರುವುದು. ಆಜಿ ಹಾಜರಿ ಕರೆಯುವುದು. ಹೊರಗೆ ಎಲ್ಲೇ ಸೀಟಿ ಕೇಳಿದರೂ ಬಕೆಟ್ಟು ಹಿಡಿದು ಅಲ್ಲಿಗೆ ಹೋಗುವುದು. ಭಾಯಿಗೆ ಮಾತ್ರ, "ಕೆಲಸ ನಡೀತಾ ಇದೆ" ಎಂದು ವರದಿ.

ಒಂದು ದಿನ ಆಜಿಯೇ ಚಿಕ್ಕಪ್ಪನನ್ನು ಕೂರಿಸಿಕೊಂಡು ಭಾಯಿ ಯಾರು, ಹಾಕಿ ಸ್ಟಿಕ್ಕು ಯಾವ ಆಟಕ್ಕೆ ಎಂದು ಬಿಡಿಸಿ ಹೇಳಿದರು. ಚಿಕ್ಕಪ್ಪ ಮೆಟ್ಟಿಲಿಳಿದು ಬಂದು, ಗೋಡೆ ಹಿಡಿದು ನಿಂತು, "ಭೋಜಣ್ಣ, ನಾವು ಗೂಂಡಾಗಳ ಹತ್ರ ಕೆಲಸಕ್ಕಿದೀವಿ ಕಣ್ರೀ" ಎಂದರು.

ಭೋಜಣ್ಣ ಮೀಸೆ ನೀವಿಕೊಂಡರು. "ಹೌದಾ? ಬಂಗುಡೆಗೆ ಮಸಾಲೆ ಹಚ್ಚಿ ಇಟ್ಟಾಗಿದೆಯಲ್ಲ ಮಾರಾಯ್ರೆ. ಅದನ್ನು ಹುರಿದು ಕೊಟ್ಟು ಕೆಲಸ ಬಿಟ್ಟು ಬರುವ."

ಬಂಗುಡೆ ಹುರಿದಾಯಿತು. ತಿಂದ ಹುಡುಗರನ್ನು ಭಾಯಿ ಅದೇ ಸಂಜೆ ಬಿಲ್ಡಿಂಗಿಗೆ ಕಳಿಸಿದ. ಅವನ ತಾಳ್ಮೆಯೂ ಮುಗಿದಿತ್ತು. ಆಜಿಯನ್ನು ಎಚ್ಚರಿಸಲೆಂದು ಹೋದ ಚಿಕ್ಕಪ್ಪ ಮೆಟ್ಟಿಲ ತಿರುವಿನಲ್ಲಿದ್ದರು. ಕೆಳಗಿನಿಂದ ಹುಡುಗರು ಸ್ಟಿಕ್ಕು ಹಿಡಿದು ಧಡಧಡ ಓಡಿ ಬಂದರು. ಮೆಟ್ಟಿಲ ಮೇಲೆ ಓಟ! ಕೈಯಲ್ಲಿ ಸ್ಟಿಕ್ಕು! ಒಬ್ಬನೂ ಕಂಬಿ ಹಿಡಿದಿಲ್ಲ! ಹೊಡೆದಾಟ, ಗೂಂಡಾಗಿರಿ ಎಲ್ಲ ಚಿಕ್ಕಪ್ಪನ ತಲೆಯಿಂದ ಹಾರಿಹೋಯಿತು. ಹಳೆಯ ಅಭ್ಯಾಸದಂತೆ ಸೀಟಿ ಊದಿಬಿಟ್ಟರು.

ಬಾಗಿಲುಗಳೆಲ್ಲ ತೆರೆದವು. ಇಡೀ ಬಿಲ್ಡಿಂಗ್ ಬಕೆಟ್ಟು ಹಿಡಿದು ಸಾಲಾಗಿ ಇಳಿಯತೊಡಗಿತು. ಇಕ್ಕಟ್ಟಾದ ಮೆಟ್ಟಿಲು, ಎದುರಿಗೆ ಮರಳಿನ ಬಕೆಟ್ಟುಗಳ ಮೆರವಣಿಗೆ. ಹುಡುಗರು ತಿರುಗಿ, ತಾವೂ ಸಾಲಿನಲ್ಲಿ ಸೇರಿ, ಕಂಬಿ ಹಿಡಿದು ಇಳಿಯದೆ ಬೇರೆ ದಾರಿಯೇ ಇರಲಿಲ್ಲ. ಎಲ್ಲರ ಕಾಲಲ್ಲೂ ಚಿಕ್ಕಪ್ಪ ಕೊಡಿಸಿದ ಪ್ಯಾಡು. ಗೇಟಿನ ಬಳಿ ಆಜಿ ಹಾಜರಿ ಕರೆದರು. ಶಿಷ್ಯರಿಬ್ಬರ ಹೆಸರನ್ನೂ ಬಿಡಲಿಲ್ಲ. ಅವರು ತಲೆ ತಗ್ಗಿಸಿ, "ಹಜರ್, ಬಾಯಿ" ಎಂದರಂತೆ, ಸ್ಕೂಲಿನಲ್ಲಿ ಟೀಚರಿಗೆ ಹೇಳುತ್ತಿದ್ದ ಹಾಗೆಯೇ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಭಾಯಿ ಚಿಕ್ಕಪ್ಪನನ್ನೂ ಭೋಜಣ್ಣನನ್ನೂ ಆಫೀಸಿಗೆ ಕರೆಸಿದ. ಅವನಿಗೆ ನಗು ಬರಲಿಲ್ಲ. "ಬುಡ್ಢಾ ಘರ್ ಜಾಯೇಗಾ. ಬಾವರ್ಚಿ ಯಹೀಂ ಬೈಠೇಗಾ, ಜಬ್ ತಕ್ ಬಿಲ್ಡಿಂಗ್ ಖಾಲಿ ನಹೀಂ ಹೋತೀ" ಎಂದ. ಮುದುಕ ಮನೆಗೆ, ಅಡುಗೆಯವನು ಒತ್ತೆಗೆ. ಚಿಕ್ಕಪ್ಪನನ್ನು ಹೊರಗೆ ದಬ್ಬಿ ಶಟರ್ ಎಳೆದರು. ಒಳಗಿನಿಂದ ಭೋಜಣ್ಣನ ದನಿ ಕೇಳಿತು. "ನೀವು ಹೋಗಿ ರಾಯ್ರೆ. ಲೋಕಲ್‌ನಲ್ಲಿ ರಶ್ ಆಗ್ತದೆ."

ಖಾಲಿ ರಸ್ತೆಯನ್ನೂ ನಾಲ್ಕು ಕಡೆ ನೋಡಿಯೇ ದಾಟುವ ನಮ್ಮ ಚಿಕ್ಕಪ್ಪ ಆ ಶಟರಿನ ಮುಂದೆ ನಿಂತರು. ಕಾವಲಿಗಿದ್ದ ಹುಡುಗ ಹೋಗಿ ಎಂದು ಬೆದರಿಸಿದ. ಚಿಕ್ಕಪ್ಪ, "ಆಯೇ ಥೇ ದೋ. ಜಾಯೇಂಗೇ ದೋ" ಎಂದರು. ಬಂದವರು ಇಬ್ಬರು, ಹೋಗುವವರೂ ಇಬ್ಬರು. ಆಮೇಲೆ ಸೀಟಿ ಊದಿದರು. ಈ ಸಲ ಅಭ್ಯಾಸಬಲದಿಂದಲ್ಲ.

ಗಲ್ಲಿಯ ತಿರುವಿನಿಂದ ಆಜಿ ಬಂದರು, ಹಿಂದೆ ಬಕೆಟ್ಟುಗಳು. ಸ್ಟೇಷನ್ನಿಗೆ ಹೋಗುವ ಜನ ನಿಂತರು, ತರಕಾರಿಯವರು ನಿಂತರು, ಮೊಬೈಲುಗಳು ಮೇಲೆದ್ದವು. ಶಟರಿನ ಮೇಲೆ ಭಾಯಿಯದೇ ಬ್ಯಾನರ್. ಅವನು ಕಾರ್ಪೊರೇಟರ್ ಚುನಾವಣೆಗೆ ನಿಲ್ಲುವವನಿದ್ದ, ಫೋಟೋದಲ್ಲಿ ಕೈಮುಗಿದಿದ್ದ. ಶಟರಿನ ಸಂದಿಯಿಂದ ಇಷ್ಟು ಜನ ಮತದಾರರನ್ನು ಕಂಡು ತಾನೇ ಶಟರ್ ಎತ್ತಿ, ಫೋಟೋದಲ್ಲಿದ್ದಂತೆಯೇ ಕೈಮುಗಿದು, ವಾರ್ಡಿನಲ್ಲಿ ಇಂಥ ಡ್ರಿಲ್ ನಡೆಸುತ್ತಿರುವುದು ತನಗೆ ಹೆಮ್ಮೆ ಎಂದು ಭಾಷಣ ಮಾಡಿದ. ಅವನ ಹಿಂದೆ ಭೋಜಣ್ಣ ಲೋಟ ಹಿಡಿದು ಬಂದರು. "ಎಂತ ಗಲಾಟೆ? ಭಾಯಿಗೆ ಎದೆಯುರಿ ಅಂತ ಜೀರಿಗೆ ಕಷಾಯ ಮಾಡ್ತಾ ಇದ್ದೆ."

ಮುಂದಿನ ವಾರದ ಬ್ಯಾನರಿನಲ್ಲಿ ಭಾಯಿಯ ಪಕ್ಕದಲ್ಲಿ ಕೆಂಪು ಬಕೆಟ್ಟು, ಕೆಳಗೆ ಆಜಿಯ ಬಿಲ್ಡಿಂಗಿನ ಚಿತ್ರ. ಬ್ಯಾನರಿಗೆ ಹಾಕಿಸಿದ ಬಿಲ್ಡಿಂಗನ್ನು ಖಾಲಿ ಮಾಡಿಸುವುದು ಹೇಗೆ? ಆಜಿ ಈಗಲೂ ಅಲ್ಲೇ ಇದ್ದಾರೆ.

ಶಟರ್ ಎದ್ದ ಆ ಸಂಜೆ ಚಿಕ್ಕಪ್ಪ, ಭೋಜಣ್ಣ ಇಬ್ಬರೂ ನಮ್ಮ ಮನೆಗೇ ಬಂದರು. ಊಟ ಮಾಡುತ್ತ ಭೋಜಣ್ಣ ಎಲ್ಲವನ್ನೂ ಹೇಳಿದರು, ನಾವು ಹೊಟ್ಟೆ ಹಿಡಿದು ನಕ್ಕೆವು. ಕೊನೆಗೆ ಅವರು ಘಾಟ್ಕೋಪರ್ ಪ್ಲಾಟ್‌ಫಾರಮ್ಮಿನ ವಿಷಯ ಹೇಳಿದರು. ಅಲ್ಲಿ ಚಿಕ್ಕಪ್ಪ ರೂಢಿಯಂತೆ ಬೆರಳು ಎತ್ತಿ ಭೋಜಣ್ಣನನ್ನು ತೋರಿಸಿ, "ಒಂದು" ಎಂದರಂತೆ. ಆಮೇಲೆ ಅಕ್ಕಪಕ್ಕ ನೋಡಿದರಂತೆ. ಗಾಬರಿಯಿಂದ, "ಇಬ್ಬರು ಬಂದಿದ್ವಲ್ಲ ಭೋಜಣ್ಣ?" ಎಂದರಂತೆ. ಸಾರಿಗೆ ಹಾಕುವ ಉಪ್ಪನ್ನೂ ಜೀವಮಾನದಲ್ಲಿ ಅಳೆಯದ ಭೋಜಣ್ಣ, ಚಿಕ್ಕಪ್ಪನ ಎದೆಯ ಮೇಲೆ ಬೆರಳಿಟ್ಟು, "ಎರಡು. ಇಲ್ಲೇ ಇದ್ದೀರಿ ಮಾರಾಯ್ರೆ" ಎಂದರಂತೆ.

ನಮ್ಮ ನಗು ನಿಂತಿತು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು. ಚಿಕ್ಕಪ್ಪ ಮಾತ್ರ ಏನೂ ಆಗದವರಂತೆ ಎದ್ದು, ಚಿಲಕದ ಬಳಿ ಹೋಗಿ ಎಣಿಸತೊಡಗಿದರು. ಅಜ್ಜಿ, ಅಪ್ಪ, ಅಮ್ಮ, ನಾನು, ತಮ್ಮ, ಭೋಜಣ್ಣ. "ಆರು. ಸರಿ, ಎಲ್ಲರೂ ಬಂದ್ರಿ" ಎಂದರು.

ಕನ್ನಡವನ್ನು ತಡವರಿಸಿಕೊಂಡು ಆಡುವ ನನ್ನ ತಮ್ಮ ತಟ್ಟೆಯಿಂದ ತಲೆ ಎತ್ತಿದ. "ಇಲ್ಲ ಚಿಕ್ಕಪ್ಪ. ಸೆವೆನ್. ನೀವು ಸೆವೆನ್."

ಚಿಕ್ಕಪ್ಪ ನಮ್ಮನ್ನೆಲ್ಲ ಇನ್ನೊಮ್ಮೆ ನೋಡಿದರು. ಬೆರಳನ್ನು ನಿಧಾನವಾಗಿ ತಮ್ಮ ಕಡೆಗೆ ತಿರುಗಿಸಿ, "ಏಳು" ಎಂದರು. ಚಿಲಕ ಹಾಕಿದರು. ಆಮೇಲೆ ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿದರು.