ಉದ್ದ ಲೆನ್ಸು ಮತ್ತು ಮೂರನೆಯ ಸಹಿ

ಗೆಳೆಯನ ಮದುವೆಯ ಚಿತ್ರಗಳನ್ನು ನಾನೇ ತೆಗೆಯುತ್ತೇನೆಂದು ಘೋಷಿಸಿದ ದಿನ ನನ್ನ ಎದೆ ಎರಡಂಗುಲ ಉಬ್ಬಿತ್ತು. ಅಲ್ಲಿಯವರೆಗೆ ನಾನು ತೆಗೆದದ್ದೆಲ್ಲ ಹಕ್ಕಿಗಳ ಚಿತ್ರ. ಹಕ್ಕಿಗಳಲ್ಲಿ ಒಂದು ದೊಡ್ಡ ಗುಣವಿದೆ. ಚಿತ್ರದಲ್ಲಿ ತಾವು ಹೇಗೆ ಬಂದಿದ್ದೇವೆಂದು ಅವು ಕೇಳುವುದಿಲ್ಲ. ಹಾಗಾಗಿ ನನ್ನ ಪ್ರತಿಭೆಯ ಮೇಲೆ ಒಂದು ದೂರೂ ಇರಲಿಲ್ಲ!

ಗೆಳೆಯ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ನಲವತ್ತಾರನೆಯ ವಯಸ್ಸಿನಲ್ಲಿ, ಮದುವೆಗೆ ತನ್ನಷ್ಟೇ ತಡಮಾಡಿದ ಒಬ್ಬ ನರ್ಸನ್ನು ಮೆಚ್ಚಿದ್ದ. ನೋಂದಣಿ ಕಚೇರಿಯಲ್ಲಿ ಸಹಿ ಹಾಕಿದರೆ ಮುಗಿಯುವ ಮದುವೆ. ಆದರೆ ಸುದ್ದಿ ಅವನ ಅಮ್ಮನಿಗೆ ಮಗ ಹೇಳುವ ಮೊದಲೇ ಪಕ್ಕದ ಮನೆಯಿಂದ ತಲುಪಿಬಿಟ್ಟಿತ್ತು. ಅಂದಿನಿಂದ ಒಂದೇ ಮನೆಯಲ್ಲಿ ಎಂಟು ತಿಂಗಳ ಮೌನ. ಕೊನೆಗೆ ಅಮ್ಮ, “ಬರ್ತೀನಿ, ಕೂತ್ಕೋತೀನಿ, ಎದ್ದು ಹೋಗ್ತೀನಿ. ಅದಕ್ಕಿಂತ ಹೆಚ್ಚಿಗೆ ಏನೂ ಕೇಳ್ಬೇಡ” ಎಂದಿದ್ದರಂತೆ.

ಗೆಳೆಯ ನನ್ನ ಕೈ ಹಿಡಿದುಕೊಂಡ. “ನೂರು ಫೋಟೋ ಬೇಡ ಕಣೋ. ಅಮ್ಮ ನಮ್ಮಿಬ್ಬರ ಪಕ್ಕದಲ್ಲಿರೋದು ಒಂದು ಸಾಕು. ಒಂದು ಕ್ಷಣ ನಿಂತರೂ ಬಿಡ್ಬೇಡ.”

ಲೆನ್ಸು ತರಲು ಪರಿಚಯದ ಸ್ಟುಡಿಯೋಗೆ ಹೋದೆ. ಮಾಲೀಕ ಗಾಜಿನ ಮೇಜಿನ ಮೇಲೆ ಮೂರನ್ನು ಇಟ್ಟ. ಒಂದು ಹಿಡಿಯಷ್ಟು ಪುಟ್ಟದು. ಇನ್ನೊಂದು ಇಡೀ ಕೋಣೆಯನ್ನು ಒಂದೇ ಗುಕ್ಕಿಗೆ ನುಂಗುವಂಥದ್ದು. ಮೂರನೆಯದು, ಆಹಾ! ಮೊಳದುದ್ದದ, ಬಿಳಿ ಮೈಯ, ಗಜಗಾಂಭೀರ್ಯದ ದೂರದ ಲೆನ್ಸು!

“ಕೋಣೆ ಎಷ್ಟು ದೊಡ್ಡದು ಸಾರ್?”

“ನಾಲ್ಕು ಬೆಂಚು, ಒಂದು ಮೇಜು.”

“ಹಾಗಾದ್ರೆ ಈ ಪುಟ್ಟದು ಸಾಕು. ಕಣ್ಣುಮುಚ್ಚಿ ತಗೊಂಡ್ಹೋಗಿ.”

ಕಣ್ಣುಮುಚ್ಚಿ ಚಿತ್ರ ತೆಗೆಯುವವನಂತೆ ಕಂಡೆನೇ ನಾನು? ದೂರ ನಿಂತು, ಯಾರ ಅರಿವಿಗೂ ಬಾರದೆ, ಮುಖದ ಭಾವವನ್ನು ಹೂವಿನಂತೆ ಬಿಡಿಸಿಕೊಳ್ಳುವುದು ನನ್ನ ಶೈಲಿ! ಉದ್ದದ್ದನ್ನೇ ಅಪ್ಪಿಕೊಂಡು ಮನೆಗೆ ಬಂದೆ.

ಹೆಂಡತಿ ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ಏನ್ರೀ, ಮದುವೆ ತೆಗೀತೀರೋ, ಗ್ರಹಣ ತೆಗೀತೀರೋ?”

“ಇದರಲ್ಲಿ ನೋಡಿದ್ರೆ ಮನುಷ್ಯರ ಅಂತರಂಗ ಕಾಣುತ್ತೆ ಕಣೇ.”

“ಅಂತರಂಗ ಆಮೇಲೆ ಕಾಣ್ಲಿ. ಮೂರು ಜನ ಸಾಕ್ಷಿಗಳಲ್ಲಿ ನೀವೂ ಒಬ್ರು. ನೆನಪಿದೆ ತಾನೆ?”

“ಇದೆ, ಇದೆ” ಎಂದೆ. ಹೇಳುತ್ತಿರುವಾಗಲೇ ಮರೆತೆ.

ಮದುವೆಯ ದಿನ ಆ ಕೋಣೆಯಲ್ಲಿ ಇದ್ದವರು ವಧೂವರರು, ವಧುವಿನ ಅಣ್ಣ, ನನ್ನ ಹೆಂಡತಿ, ನಾನು, ಅಧಿಕಾರಿ. ಕೊನೆಯ ಬೆಂಚಿನ ತುದಿಯಲ್ಲಿ, ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಗೆಳೆಯನ ಅಮ್ಮ. ಕ್ಯಾಮೆರಾ ಕಣ್ಣಿಗಿಟ್ಟೆ. ಕಂಡದ್ದು ಅಧಿಕಾರಿಯ ಮೂಗಿನ ಒಂದು ಹೊಳ್ಳೆ, ಅದೂ ಮಸುಕು ಮಸುಕು! ಹಿಂದೆ ಸರಿದೆ. ಗೋಡೆ ತಗುಲಿತು.

“ಎಲ್ಲಿಗ್ರೀ?” ಎಂದಳು ಹೆಂಡತಿ.

“ಸ್ವಲ್ಪ ಹಿಂದಕ್ಕೆ.”

ಆ ‘ಸ್ವಲ್ಪ’ ಬಾಗಿಲು ದಾಟಿತು, ಮೊಗಸಾಲೆ ದಾಟಿತು, ಮೆಟ್ಟಿಲಿಳಿದು ರಸ್ತೆ ದಾಟಿ, ಎದುರು ಕಟ್ಟಡದ ಮೊದಲ ಮಹಡಿಯಲ್ಲಿದ್ದ ದರ್ಜಿಯ ಅಂಗಡಿಯಲ್ಲಿ ನಿಂತಿತು.

“ಅಳತೆ ಕೊಡೋಕಾ ಸಾರ್?”

“ಅಲ್ಲ, ಮದುವೆಗೆ ಬಂದೆ.”

“ಮದುವೆ ಇಲ್ಲಿಲ್ವಲ್ಲ?”

“ಗೊತ್ತಪ್ಪ. ಅಲ್ಲಿ!”

ದರ್ಜಿ ಸಜ್ಜನ. ಹೊಲಿಗೆಯಂತ್ರ ಸರಿಸಿ ಕಿಟಕಿ ಬಿಟ್ಟುಕೊಟ್ಟ. ಅಲ್ಲಿಂದ, ನೋಂದಣಿ ಕಚೇರಿಯ ಕಿಟಕಿಯೊಳಗೆ, ಎಂಥ ಮುಖಗಳು! ಗೆಳೆಯನ ಹಣೆಯಲ್ಲಿ ಬೆವರ ಮಣಿಗಳು! ವಧುವಿನ ಕಣ್ಣಲ್ಲಿ ಆತಂಕ! ಎಲ್ಲರೂ ಬಾಗಿಲ ಕಡೆ ನೋಡುವ ಆ ನಿರೀಕ್ಷೆ! ಪಟಪಟನೆ ಅರವತ್ತು ಚಿತ್ರ ತೆಗೆದೆ.

ಆಗ ನನ್ನ ಹೆಂಡತಿ ಕಿಟಕಿಗೆ ಬಂದು ರಸ್ತೆಯ ಉದ್ದಗಲಕ್ಕೂ ಕಣ್ಣಾಡಿಸಿದಳು.

“ಆ ಮೇಡಂ ಯಾರನ್ನೋ ಹುಡುಕ್ತಿದ್ದಾರೆ ಸಾರ್” ಎಂದ ದರ್ಜಿ.

“ಹೌದು, ಪಾಪ. ಯಾರೋ ಬೇಜವಾಬ್ದಾರಿ ಮನುಷ್ಯ ಕೈಕೊಟ್ಟಿರಬೇಕು” ಎಂದು ಅವಳದೂ ಒಂದು ತೆಗೆದೆ.

ಅಧಿಕಾರಿ ಗಡಿಯಾರ ತೋರಿಸಿದ. ಮೂರು ಬೆರಳೆತ್ತಿ, ಎರಡನ್ನು ಮಡಚಿದ. ಉಳಿದ ಆ ಒಂದು ಬೆರಳು ರಸ್ತೆ ದಾಟಿ ಬಂದು ನನ್ನ ಎದೆಗೇ ಚುಚ್ಚಿತು. ಅಯ್ಯೋ! ಮೂರನೆಯ ಸಾಕ್ಷಿ! ಅವನು ದಫ್ತರ ಮುಚ್ಚಿದರೆ ಇನ್ನೊಂದು ತಾರೀಕಿಗೆ ತಿಂಗಳು ಕಾಯಬೇಕು. ಆ ತಿಂಗಳಲ್ಲಿ ಅಮ್ಮ ಮತ್ತೆ ಬರುತ್ತಾರೆಂದು ಯಾರು ಹೇಳಬಲ್ಲರು? ಫೋನು ಹೆಂಡತಿಯ ಚೀಲದಲ್ಲಿ. ಓಡಲು ತಿರುಗಿದೆ.

“ಸಾರ್, ಆ ಅಜ್ಜಿ ಎದ್ರು!” ಎಂದ ದರ್ಜಿ.

ಕಾಲು ಅಲ್ಲೇ ಕಟ್ಟಿಹಾಕಿದಂತಾಯಿತು. ಮತ್ತೆ ಕ್ಯಾಮೆರಾ ಎತ್ತಿದೆ. ಅಮ್ಮ ಬೆಂಚು ಹಿಡಿದು ಎದ್ದು, ಯಾರ ಮುಖವನ್ನೂ ನೋಡದೆ, ಮೇಜಿನವರೆಗೆ ನಡೆದು ಬಂದರು. ಲೇಖನಿಗೆ ಕೈಚಾಚಿದರು. ಮಗ ಒಂದು ಬದಿಗೆ, ಸೊಸೆ ಒಂದು ಬದಿಗೆ. ಬೀದಿಯ ಸದ್ದೆಲ್ಲ ನಿಂತುಹೋದಂತೆ ನನಗೆ ಅನ್ನಿಸಿತು. ಅಷ್ಟರಲ್ಲಿ ಎಲ್ಲ ಮಂಜುಮಂಜಾಯಿತು. ಅಳು ಬಂದಿದೆಯೆಂದುಕೊಂಡು, ಮೂಗೆಳೆಯುತ್ತಲೇ ಗುಂಡಿ ಒತ್ತಿದೆ.

ನಾನು ಏದುಸಿರು ಬಿಡುತ್ತ ಕೋಣೆ ಸೇರುವಷ್ಟರಲ್ಲಿ ಮದುವೆ ಮುಗಿದಿತ್ತು. ಹೆಂಡತಿ ನನ್ನನ್ನು ಮೂಲೆಗೆಳೆದು ಪಿಸುಗುಟ್ಟಿದಳು: “ಗುರುತಿನ ಚೀಟಿ ಕೇಳಿದ್ರು ಕಣ್ರೀ. ಅಮ್ಮ ತಕ್ಷಣ ಚೀಲದಿಂದ ತೆಗೆದುಕೊಟ್ರು! ಬರೀ ಕೂತು ಹೋಗೋಕೆ ಬಂದವರು ಅದನ್ನ ಯಾಕೆ ತಂದಿದ್ರು ಹೇಳಿ?”

ಭಾನುವಾರ ಗೆಳೆಯನ ಮನೆಯಲ್ಲಿ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದೆ. ಮೊದಲ ಅರವತ್ತೊಂದರಲ್ಲಿ ನನ್ನನ್ನು ಹುಡುಕುತ್ತಿರುವ ಜನ, ಅತ್ಯಂತ ಸ್ಪಷ್ಟವಾಗಿ. ಆಮೇಲೆ ಆ ಕ್ಷಣದ ಚಿತ್ರ. ನನ್ನ ಮಹಾ ಲೆನ್ಸು ಹಿಡಿದದ್ದು ಕಚೇರಿಯ ಕಿಟಕಿಯ ಕಬ್ಬಿಣದ ಸರಳುಗಳನ್ನು! ತುಕ್ಕು ಕಣಕಣವಾಗಿ ಎಣಿಸಬಹುದಿತ್ತು. ಅದರಾಚೆ ಮೂರು ಬಣ್ಣದ ಕಲೆಗಳು, ಒಂದಕ್ಕೊಂದು ಒರಗಿಕೊಂಡಂತೆ. ಆಗ ಮಸುಕಾಗಿದ್ದು ಲೆನ್ಸು, ಅಳು ಬಂದಿರಲಿಲ್ಲ. ಈಗ ಬಂತು.

“ಕ್ಷಮಿಸ್ಬೇಕಮ್ಮ. ಇದ್ದದ್ದೊಂದು ಕೆಲಸ, ಅದನ್ನೂ ಕೆಡಿಸಿದೆ” ಎಂದೆ.

ಅಮ್ಮ ಕನ್ನಡಕ ಏರಿಸಿ ಆ ಕಲೆಗಳನ್ನು ಬಹಳ ಹೊತ್ತು ನೋಡಿದರು. ಸೊಸೆಯ ಕಡೆ ತಿರುಗಿ, “ಮಧ್ಯದ್ದು ನಾನೇ ಅಲ್ವೇನೇ?” ಎಂದರು. ಸೊಸೆ ಹೌದೆಂದಳು. “ಕಟ್ಟು ಹಾಕಿಸಿ ಗೋಡೆಗೆ ಹಾಕು” ಎಂದರು ಮಗನಿಗೆ.

ಆಮೇಲೆ ನನ್ನ ಬೆನ್ನು ತಟ್ಟಿದರು. “ನೀನು ಅಲ್ಲೇ ಇದ್ದಿದ್ರೆ ನಾನು ಏಳ್ತಾನೇ ಇರಲಿಲ್ಲ ಕಣಪ್ಪ. ಮುಂದಿನ ತಿಂಗಳು ನನ್ನ ತಂಗಿ ಮಗಳ ಮದುವೆ. ಅವಳ ಅಪ್ಪನೂ ಹೀಗೇ ಮುಖ ಊದಿಸ್ಕೊಂಡಿದ್ದಾನೆ. ಸಾಕ್ಷಿಗೆ ನಿನ್ನ ಹೆಸರೇ ಬರೆಸಿದ್ದೀನಿ.”

ನನ್ನ ಎದೆ ಮತ್ತೆ ಎರಡಂಗುಲ ಉಬ್ಬಿತು. “ಖಂಡಿತ ಬರ್ತೀನಮ್ಮ!”

“ಬರ್ಬೇಡ!” ಎಂದರು ಅಮ್ಮ ಗಾಬರಿಯಿಂದ. “ಅದಕ್ಕೇ ನಿನ್ನ ಹೆಸರು ಬರೆಸಿರೋದು!”