ಹಳಿ ಇಲ್ಲದ ಊರಿಗೆ ಶಂಟಿಂಗ್ ಇಂಜಿನ್ ಬಂತು

ರೈಲೇ ಇಲ್ಲದ ಊರಲ್ಲಿ ಹುಟ್ಟಿ ರೈಲ್ವೆ ಕೆಲಸಕ್ಕೆ ಸೇರಿದವನಿಗೆ ನಗುವಿಗೆ ಬರವಿಲ್ಲ. ನಾನು ಕೊಳ್ಳೇಗಾಲದ ನೇಕಾರರ ಮನೆಯವನು. ಅಣ್ಣತಮ್ಮಂದಿರೆಲ್ಲ ಮಗ್ಗದ ಮುಂದೆ ಕೂತರು, ನಾನೊಬ್ಬ ಮೈಸೂರಿನ ಯಾರ್ಡಿನಲ್ಲಿ ಶಂಟಿಂಗ್ ಇಂಜಿನ್ ಓಡಿಸಿದೆ. ಅಂದರೆ ಬೋಗಿಗಳನ್ನು ಹಿಂದೆ ಮುಂದೆ ತಳ್ಳಿ, ಎಳೆದು, ರೈಲು ಜೋಡಿಸಿಕೊಡೋದು. ರೈಲು ಊರೂರಿಗೆ ಹೋಗುತ್ತೆ, ನಾವು ಯಾರ್ಡು ಬಿಟ್ಟು ಕದಲಲ್ಲ. ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಲು ಹೋದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತೆ.

ಹೆಣ್ಣು ಕೊಟ್ಟ ಕಾರಣ

ಮದುವೆ ಮಾತುಕತೆಗೆ ಯಳಂದೂರಿನಿಂದ ಹುಡುಗಿಯ ಸೋದರಮಾವ ಬಂದಿದ್ದರು.

"ಎಲ್ಲಿಂದ ಎಲ್ಲೀಗಂಟ ಓಡುಸ್ತೀರಿ?"

"ಯಾರ್ಡಿನ ಆ ತುದಿಯಿಂದ ಈ ತುದಿಗೆ."

"ಬೆಂಗ್ಳೂರ್ಗೆ ಓಗಕಿಲ್ವಾ?"

"ಇಲ್ಲ."

"ನಂಜನಗೂಡ್ಗಾದ್ರೂವೆ?"

"ಅಲ್ಲಿಗೂ ಇಲ್ಲ."

ನಮ್ಮಪ್ಪನ ಮುಖ ಬಾಡಿಹೋಯಿತು. ಸಂಬಂಧ ತಪ್ಪಿತು ಅಂತ ನಾನೂ ತಲೆ ತಗ್ಗಿಸಿದೆ. ಸೋದರಮಾವ ತೊಡೆ ತಟ್ಟಿ ಎದ್ದರು.

"ಇಂತಾ ಅಳಿಯ ಎಲ್ ಸಿಕ್ಕಾನು ಕಣ್ರಿ! ಎಷ್ಟ್ ಓಡ್ಸುದ್ರೂ ಎಲ್ಗೂ ಓಗಕಿಲ್ಲ!"

ಸ್ಟೇರಿಂಗ್ ಎಲ್ಲಿ?

ನಾನು ರಿಟೈರ್ ಆದಮೇಲೆ ಹನೂರಿನ ಒಂದು ತರಬೇತಿ ಶಾಲೆಯವರು ಮಕ್ಕಳಿಗೆ ಕಲಿಸಲೆಂದು ಹಳೇ ಇಂಜಿನ್ ಒಂದನ್ನು ಕೊಂಡರು. ಯಾವುದು ಅಂತ ವಿಚಾರಿಸಿದರೆ, ನಾನೇ ಓಡಿಸಿದ್ದ ಡಬ್ಲ್ಯೂಡಿಎಸ್ ಸಿಕ್ಸ್ ಶಂಟಿಂಗ್ ಇಂಜಿನ್! "ನೀವೇ ಜೊತೇಲಿ ಬಂದು ಸ್ಟಾರ್ಟ್ ಮಾಡಿಕೊಡಬೇಕು" ಅಂತ ಫೋನ್ ಬಂದಾಗ ಖುಷಿಗೆ ಚಪ್ಪಲಿ ಅದಲುಬದಲು ಹಾಕಿಕೊಂಡು ಹೊರಟೆ.

ಚಾಮರಾಜನಗರದವರೆಗೆ ಹಳಿ ಮೇಲೆ ಬಂತು. ಅಲ್ಲಿಂದ ಮುಂದೆ ಹಳಿಯೇ ಇಲ್ಲವಲ್ಲ, ಕ್ರೇನಿನಲ್ಲಿ ಎತ್ತಿ ಸಾಲುಸಾಲು ಚಕ್ರದ ದೊಡ್ಡ ಟ್ರೈಲರ್ ಮೇಲೆ ಕೂರಿಸಿದರು. ಯಳಂದೂರಿಗೆ ಬರುವಷ್ಟರಲ್ಲಿ ಹಿಂದೆ ಬಸ್ಸು, ಆಟೋ, ಬೈಕು, ದಿಬ್ಬಣದ ಹಾಗೆ. ಟ್ರಾಫಿಕ್ ನೋಡಿಕೊಳ್ಳುತ್ತಿದ್ದ ಪೇದೆಯೊಬ್ಬ ಏಣಿ ಹತ್ತಿ ನಾನು ಕೂತಿದ್ದ ಇಂಜಿನ್ ಕ್ಯಾಬಿಗೇ ಬಂದುಬಿಟ್ಟ. ಸುತ್ತ ನೋಡಿದ.

"ಸ್ಟೇರಿಂಗ್ ಎಲ್ಲಿ ಸಾ?"

"ಇದಕ್ಕೆ ಸ್ಟೇರಿಂಗ್ ಇರಲ್ಲಪ್ಪ."

"ಇದುನ್ನ ನೀವೇ ಓಡುಸ್ತಿದ್ರಾ?"

"ಹೂಂ, ಸರ್ವೀಸ್ ಪೂರ್ತಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸ್ಟೇರಿಂಗ್ ಇಲ್ದಿರೋ ಗಾಡಿನ ಅಷ್ಟು ಕಾಲ ಓಡ್ಸಿದೀರಿ, ಒಬ್ ಪೊಲೀಸ್ನೋರೂ ಇಡುದಿಲ್ವಾ ನಿಮ್ನ?"

ನಿಂಬೆಹಣ್ಣು

ಕೊಳ್ಳೇಗಾಲದಲ್ಲಿ ನಮ್ಮ ಬೀದಿಯವರು ಮಗ್ಗ ನಿಲ್ಲಿಸಿ ಓಡಿಬಂದಿದ್ದರು. "ನಮ್ಮೂರ್ಗೂ ರೈಲ್ ಬಂತು ಕಣ್ಲಾ!" ಅಂತ ಕೂಗೋ ಕೂಗು! ಹಾರ, ಕುಂಕುಮ, ಈಡುಗಾಯಿ ಎಲ್ಲಾ ಆಯಿತು. ಪೂಜೆ ಮಾಡಿದ ಅಯ್ಯನವರು ಟ್ರೈಲರ್ ಮೇಲೆ ಹತ್ತಿ ಇಂಜಿನ್ನಿನ ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟರು.

"ಈಗ ಒಂಚೂರು ಮುಂದುಕ್ ಬುಡಿ, ಅಣ್ಣು ಅಪ್ಪಚ್ಚಿ ಆಗ್ಬೇಕು."

"ಮುಂದಕ್ಕೆ ಬಿಟ್ಟರೆ ಇಂಜಿನ್ ಟ್ರೈಲರಿಂದ ಕೆಳಕ್ಕೇ ಬರುತ್ತೆ ಅಯ್ಯನೋರೆ!"

"ಅಂಗಾರೆ ಇಂದುಕ್ ಬುಡಿ."

ಹಿಂದಕ್ಕೂ ಬಿಡಲಿಲ್ಲ. ಹನೂರು ತಲುಪಿದಾಗ ಹಣ್ಣುಗಳು ಇಟ್ಟಲ್ಲೇ ಇದ್ದವು. ಬಿಸಿಲಿನ ಝಳಕ್ಕೆ ನಾನೂ ಟ್ರೈಲರ್ ಡ್ರೈವರೂ ಶರಬತ್ತು ಮಾಡಿಕೊಂಡು ಕುಡಿದೆವು. ದೃಷ್ಟಿ ಎಲ್ಲಾ ನಮ್ಮ ಹೊಟ್ಟೆಗೇ ಹೋಯಿತು.

ಇಳಿಯೋ ಜಾಗ

ಶಾಲೆಯ ಮೈದಾನದಲ್ಲಿ ಮೂರು ಬಸ್ಸಿನುದ್ದ ಹಳಿ ಹಾಸಿ ಇಂಜಿನ್ ಇಳಿಸಿದ್ದರು. ಹನೂರಿಗೆ ಹನೂರೇ ಅಲ್ಲಿ ನೆರೆದಿತ್ತು. ಪ್ರಿನ್ಸಿಪಾಲರು ನನ್ನ ಕಿವಿಯಲ್ಲಿ, "ಸ್ಟಾರ್ಟ್ ಆಗದೇ ಹೋದರೆ ಆಡಳಿತ ಮಂಡಳಿಯವರು ಇದನ್ನ ಗುಜರಿಗೆ ಹಾಕಿ ಅಂತಾರೆ ಸರ್" ಅಂದರು. ನನ್ನ ಎದೆ ಇಂಜಿನ್ನಿಗಿಂತ ಮೊದಲೇ ಸ್ಟಾರ್ಟ್ ಆಯಿತು.

ಅಷ್ಟರಲ್ಲಿ ಒಬ್ಬ ರೈತ ಕೇಳಿದ, "ಇದು ಡೀಸಲ್ಲಾ ಕರೆಂಟಾ ಸಾ?"

"ಡೀಸೆಲ್ ಇಂಜಿನ್ ಒಳಗೇ ಕರೆಂಟ್ ಹುಟ್ಟಿಸುತ್ತೆ, ಆ ಕರೆಂಟ್ ಚಕ್ರ ತಿರುಗಿಸುತ್ತೆ."

"ಅಂಗಾರೆ ನಮ್ ಪಂಪ್‌ಸೆಟ್ಗೂ ಒಂದ್ ವೈರ್ ಎಳುದ್ಬುಡಿ ಸಾ!"

ಗುಂಡಿ ಒತ್ತಿದೆ. ಎರಡು ಸಲ ಕೆಮ್ಮಿ ಸುಮ್ಮನಾಯಿತು. ಬೆವರು ಒರೆಸಿಕೊಂಡು ಮತ್ತೆ ಒತ್ತಿದೆ. ಗುಡುಗುಡು ಅಂತ ಎದ್ದು ಕಪ್ಪು ಹೊಗೆ ಉಗುಳಿ ನೆಲ ನಡುಗಿಸಿತು ನೋಡಿ! ಶಿಳ್ಳೆಯೋ ಶಿಳ್ಳೆ. ನಾನು ಹಾರನ್ ಬಾರಿಸಿದ್ದಕ್ಕೆ ಪಕ್ಕದ ಹೊಲದ ಎಮ್ಮೆಗಳು ಹಗ್ಗ ಕಿತ್ತು ಓಡಿದವು. ಕಣ್ಣೊರೆಸಿಕೊಳ್ಳೋಕೂ ಪುರುಸೊತ್ತಿಲ್ಲ, ಕ್ಯಾಬ್ ಹತ್ತೋಕೆ ನೂಕುನುಗ್ಗಲು.

ಎಲ್ಲರಿಗಿಂತ ಮೊದಲು ಹತ್ತಿದ್ದು ಚೀಲ ಹಿಡಿದ ಒಬ್ಬ ಅಜ್ಜಿ. ಇಂಜಿನ್ ಕದಲುತ್ತಲೇ ನನ್ನ ತೋಳು ಗಟ್ಟಿಯಾಗಿ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ, "ಮಾದಪ್ಪ, ಮಾದಪ್ಪ" ಅನ್ನತೊಡಗಿತು. ಹಳಿಯ ತುದಿಯವರೆಗೆ ಹೋಗಿ, ವಾಪಸ್ ಅದೇ ಜಾಗಕ್ಕೆ ತಂದು ನಿಲ್ಲಿಸಿದೆ.

"ಇಳಿಯಜ್ಜಿ, ಮುಗೀತು."

ಅಜ್ಜಿ ಮೆಲ್ಲಗೆ ಒಂದು ಕಣ್ಣು ಬಿಟ್ಟಿತು. "ಯಾವೂರಪ್ಪ ಇದು?"

"ಹನೂರು."

ಅಜ್ಜಿ ಚೀಲ ಕಂಕುಳಿಗೆ ಸಿಗಿಸಿ ಎದ್ದು ನಿಂತಿತು. "ಸರೋಯ್ತು ಬುಡು. ನಮ್ಮನೆ ಇರಾದೂ ಇಲ್ಲೇಯ. ಬಸ್ಸಾಗಿದ್ರೆ ಇಷ್ಟು ಜಲ್ದಿ ಬತ್ತಿತ್ತಾ?"