ಅಟ್ಟ ಏರಿದ ಬೇಸನ್ ಉಂಡಿ

ಶಾಲೆಗಳಿಗೆ ರಜೆ ಕೊಡುವ ಮುನ್ನ ತಾಯಂದಿರನ್ನು ಒಂದು ಮಾತು ಕೇಳಬೇಕು ಎಂದು ಯಾರಿಗೂ ಯಾಕೆ ಹೊಳೆಯುವುದಿಲ್ಲ? ನಮ್ಮ ಬೈರಿದೇವರಕೊಪ್ಪದ ಓಣಿಯಲ್ಲಿ ಎರಡು ದಿನ ನೀರು ಬರುವುದಿಲ್ಲ ಎಂದರೆ ರಿಕ್ಷಾದಲ್ಲಿ ಮೈಕು ಕಟ್ಟಿಕೊಂಡು ಸಾರಿ ಹೋಗುತ್ತಾರೆ. ಮನೆಯಲ್ಲಿ ಹಿಟ್ಟು, ಎಣ್ಣೆ, ಬೆಲ್ಲ, ತಾಯಿಯ ತಾಳ್ಮೆ ಎಲ್ಲವೂ ಒಟ್ಟಿಗೇ ಖಾಲಿಯಾಗುವ ಈ ಮಹಾವಿಪತ್ತಿಗೆ ಮಾತ್ರ ಮುನ್ಸೂಚನೆ ಇಲ್ಲ. ಮಕ್ಕಳು ಮನೆಗೆ ಬಂದು ಚಪ್ಪಲಿ ಎಸೆದು, "ಮಮ್ಮಿ, ನಾಳಿಂದ ಸೂಟಿ!" ಎಂದು ಕೂಗುತ್ತಾರೆ. ಅಷ್ಟೇ ನಮಗೆ ಸಿಗುವ ನೋಟೀಸು.

ಅದರಲ್ಲೂ ನಮ್ಮ ಮನೆಯ ಅನ್ಯಾಯ ಬೇರೆ ತರದ್ದು. ಮಗಳು ಸ್ನೇಹಲ್ ಪಿಯುಸಿ ಮೊದಲ ವರ್ಷ, ಮಗ ಅಂಬರೀಷ ಒಂಬತ್ತನೆಯ ತರಗತಿ. ಅವರಿಗೆ ರಜೆ, ಒಪ್ಪಿದೆ. ನನ್ನ ಗಂಡ ಹನುಮೇಶ ಧಾರವಾಡದ ಸಪ್ತಾಪುರದಲ್ಲಿ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾರೆ, ಅವರಿಗೂ ರಜೆ. ಅತ್ತೆ ಗುಡ್ಡವ್ವನವರಿಗೆ ಮೊಮ್ಮಕ್ಕಳು ಕಣ್ಣೆದುರಿಗಿದ್ದರೆ ನಿತ್ಯವೂ ಹಬ್ಬ. ಉಳಿದವಳು ನಾನೊಬ್ಬಳು. ನಾಲ್ಕು ಜನರಿಗೆ ನಾಷ್ಟಾ, ಊಟ, ಸಂಜೆಯ ತಿಂಡಿ ಮಾಡಿಟ್ಟು ಚಿಗರಿ ಬಸ್ಸು ಹಿಡಿದು ಧಾರವಾಡದ ನನ್ನ ಕಚೇರಿಗೆ ಓಡುತ್ತೇನೆ. ಸಂಜೆ ಬಂದು ಬಾಗಿಲು ತೆರೆದರೆ ಗಂಡ, ಮಕ್ಕಳು ಮೂವರೂ ಬೆಳಿಗ್ಗೆ ಕೂತ ಜಾಗದಲ್ಲೇ ಕೂತಿರುತ್ತಾರೆ. ಪಾತ್ರೆಗಳು ಮಾತ್ರ ಜಾಗ ಬದಲಿಸಿರುತ್ತವೆ. (ಎಲ್ಲವೂ ಸಿಂಕಿಗೆ.)

ಬೆಳೆಯುವ ಮಕ್ಕಳು ತಿನ್ನಬೇಕು ಎನ್ನುತ್ತಾರೆ. ನಾನೇನು ಬೇಡ ಅಂದೆನೇ? ಆದರೆ ಅಂಬರೀಷ ಬೆಳೆಯುತ್ತಿರುವ ರೀತಿಗೆ ಒಂದು ಮಿತಿ ಬೇಡವೇ? ಜೂನ್‌ನಲ್ಲಿ ಹೊಲಿಸಿದ ಪ್ಯಾಂಟು ಈಗ ಮೊಣಕಾಲಿನ ಕಡೆಗೆ ವಲಸೆ ಹೊರಟಿದೆ. ಅವನು ಊಟಕ್ಕೆ ಕೂತರೆ ರೊಟ್ಟಿ ಬುಟ್ಟಿಯ ತಳ ಕಾಣುತ್ತದೆ, ಎದ್ದ ಅರ್ಧ ತಾಸಿಗೆ "ಮಮ್ಮಿ, ತಿನ್ನಾಕ ಏನೈತಿ?" ಎಂದು ಒಡೆದ ದನಿಯಲ್ಲಿ ಗರ್ಜಿಸುತ್ತಾನೆ. ಸ್ನೇಹಲ್‌ಳದು ಇನ್ನೊಂದು ತರ. ಅವಳು ಡಯೆಟ್‌ನಲ್ಲಿದ್ದಾಳೆ. ಎಲ್ಲರೆದುರು ಸೌತೆಕಾಯಿ ತಿನ್ನುತ್ತಾಳೆ. ಯಾರೂ ಇಲ್ಲದಾಗ ಏನು ತಿನ್ನುತ್ತಾಳೆ ಎಂಬುದನ್ನು ಖಾಲಿ ಡಬ್ಬಿಗಳೇ ಹೇಳಬೇಕು.

ಕಳೆದ ದೀಪಾವಳಿಯಲ್ಲಿ ಇವರು ನನ್ನ ಮಾನ ತೆಗೆದರು. ಪಾಡ್ಯದ ದಿನ ಗದಗದಿಂದ ನನ್ನ ನಾದಿನಿ ರಜನಿ ಬಂದಿದ್ದಳು. ಹಬ್ಬದ ಫರಾಳದ ತಿಂಡಿ ಕೊಡೋಣವೆಂದು ಡಬ್ಬಿಗಳ ಮುಚ್ಚಳ ತೆಗೆದರೆ ಚಕ್ಕಲಿಯ ಡಬ್ಬಿಯಲ್ಲಿ ಚೂರು, ಉಂಡಿಯ ಡಬ್ಬಿಯಲ್ಲಿ ಪುಡಿ, ಕರ್ಚಿಕಾಯಿಯ ಡಬ್ಬಿಯಲ್ಲಿ ಬರೀ ಪರಿಮಳ. ರಜನಿ ನನ್ನ ಬೆನ್ನು ಸವರಿ, "ಇರ್ಲಿ ಬಿಡ್ರಿ ವೈನಿ, ನೌಕರಿ ಮಾಡೋ ಹೆಣ್ಣಮಕ್ಕಳಿಗೆ ಇವನ್ನೆಲ್ಲಾ ಮಾಡಾಕ ಟೈಮ್ ಎಲ್ಲಿ ಸಿಗತೈತಿ?" ಎಂದಳು. ಬೈದಿದ್ದರೆ ಮರೆತುಬಿಡುತ್ತಿದ್ದೆ. ಬೆನ್ನು ಸವರಿದಳಲ್ಲ, ಅದು ಒಂದು ವರ್ಷ ಉರಿಯಿತು.

ಈ ಸಲ ಹಾಗಾಗಬಾರದೆಂದು ಪಣ ತೊಟ್ಟೆ. ರವಿವಾರ ಇಡೀ ಒಲೆಯ ಮುಂದೆ ನಿಂತು ಬೇಸನ್ ಉಂಡಿ, ಚಕ್ಕಲಿ, ಕರ್ಚಿಕಾಯಿ ಮಾಡಿದೆ. ಡಬ್ಬಿಗಳನ್ನು ಅಡುಗೆಮನೆಯ ಎಲ್ಲಕ್ಕಿಂತ ಮೇಲಿನ ಫಳಿಯ ಮೇಲಿಟ್ಟು, "ಪಾಡ್ಯದ ದಿನಾನ ಮುಟ್ಟೂದು," ಎಂದು ಶಾಸನ ಹೊರಡಿಸಿ ಮರುದಿನ ಕಚೇರಿಗೆ ಹೋದೆ.

ಮಧ್ಯಾಹ್ನ ತಾಯಿಯ ಕರುಳು ಕೇಳಬೇಕಲ್ಲ, ಮಗ ಊಟ ಮಾಡಿದನೋ ಇಲ್ಲವೋ ಎಂದು ಫೋನು ಮಾಡಿದೆ.

"ಅಂಬರೀಷಾ, ಉಂಡಿ?"

"ನಾ ಅಲ್ಲ ಮಮ್ಮಿ!" ಆ ಕಡೆಯಿಂದ ಚೀತ್ಕಾರ. "ದೇವರಾಣಿ ನಾ ಭಾಳ ತಿಂದಿಲ್ಲ! ಅಕ್ಕಂದ ಜಾಸ್ತಿ!"

ನಾನು ಕೇಳಿದ್ದು ಊಟದ ಉಂಡಿ. ಅವನು ಒಪ್ಪಿಕೊಂಡದ್ದು ಬೇಸನ್ ಉಂಡಿ.

ಸಂಜೆ ಸರ್ವಪಕ್ಷ ಸಭೆ ಕರೆದೆ.

"ಮ್ಯಾಲಿನ ಫಳಿ ಮ್ಯಾಲಿನ ಡಬ್ಬಿ ಯಾರು ಇಳಿಸಿದ್ರಿ?"

"ಇಳಿಸೇ ಇಲ್ಲ ಮಮ್ಮಿ. ನಿಂತಲ್ಲೇ ಕೈ ಹಾಕಿದೆ," ಎಂದ ಅಂಬರೀಷ, ಹೆಮ್ಮೆಯಿಂದ. ಕಳೆದ ವರ್ಷದ ಎತ್ತರ ಈ ವರ್ಷ ಎತ್ತರವೇ ಅಲ್ಲ ಎಂಬುದು ನನಗಾದರೂ ಹೊಳೆಯಬೇಕಿತ್ತು.

"ನೀ ಡಯೆಟ್‌ನ್ಯಾಗ ಅದಿಯಲ್ಲ ಸ್ನೇಹಲ್?"

"ಹೌದು ಮಮ್ಮಿ. ಬರೇ ರುಚಿ ನೋಡೇನಿ."

"ಅರ್ಧಾ ಡಬ್ಬಿ ರುಚಿ ನೋಡಿದಿ?"

"ಒಂದೊಂದ ಉಂಡಿ ಒಂದೊಂದ ರುಚಿ ಇತ್ತು. ನಿನ್ನ ಕೈಗುಣಾ."

ನನ್ನ ಗಂಡ ಸೋಫಾದಲ್ಲಿ ಒರಗಿಕೊಂಡೇ ಗಂಟಲು ಸರಿಪಡಿಸಿಕೊಂಡರು. "ಕರುಣಾ, ಇತಿಹಾಸ ತಗದು ನೋಡು. ಎಂತೆಂಥಾ ಕೋಟೆಗಳು ಒಳಗಿನವರಿಂದನ ಬಿದ್ದಾವ."

ಆ ಇತಿಹಾಸಕಾರರ ಮೀಸೆಯ ತುದಿಯಲ್ಲಿ ಹಳದಿ ಬೇಸನ್ ಪುಡಿ ಮಿನುಗುತ್ತಿತ್ತು.

ಉಳಿದದ್ದನ್ನು ಒಟ್ಟು ಮಾಡಿ ಈ ಬಾರಿ ಜೋಳದ ಡ್ರಮ್ಮಿನಲ್ಲಿ ಹೂತೆ. ಜೋಳಕ್ಕೂ ನನ್ನ ಮಕ್ಕಳಿಗೂ ಸಂಬಂಧ ಬರುವುದು ಅದು ರೊಟ್ಟಿಯಾದ ಮೇಲೆ. ಆದರೆ ಅತ್ತೆಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮರುದಿನ ಬರುವಷ್ಟರಲ್ಲಿ ಅದೂ ಸ್ವಾಹಾ.

"ಹಿಟ್ಟು ಮುಗದಿತ್ತವಾ. ಜ್ವಾಳಾ ತಗೀಯಾಕ ಕೈ ಹಾಕಿದೆ, ಚಕ್ಕಲಿ ಬಂತು," ಎಂದರು ಅತ್ತೆ, ಏನೂ ಆಗದವರಂತೆ. "ಗಿರಣಿಗೆ ಕೊಟ್ಟು ಬೀಸಿಸಾಕ ಬರ್ತೈತೇನು? ಹುಡುಗರ ಕೈಯಾಗ ಕೊಟ್ಟೆ."

"ಅತ್ತೆವ್ವಾ, ನಿಮ್ಮ ಮಗಳು ಬರಾಕತ್ತಾಳಂತ ಇಟ್ಟಿದ್ನಲ್ರಿ!"

"ಆಕಿ ಏನ್ ತಿಂತಾಳ ತಗೀ. ಆಕಿಗೆ ಶುಗರ್ ಐತಿ."

ತಿನ್ನುವುದು ಬೇರೆ, ತಟ್ಟೆ ತುಂಬಿರುವುದು ಬೇರೆ ಎಂಬುದು ಈ ಮನೆಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಮರುದಿನ ನಾನು ಹಲ್ಲು ಕಚ್ಚಿ ಅರ್ಧ ದಿನ ರಜೆ ಹಾಕಿ ಬಂದೆ. ಗಂಡನನ್ನೂ ಮಕ್ಕಳನ್ನೂ "ಕೆಲಗೇರಿ ಕೆರಿ ಕಡೆ ಒಂದ ಸುತ್ತು ಹೋಗಿ ಬರ್ರಿ, ಹವಾ ಛಲೋ ಇರ್ತೈತಿ" ಎಂದು ಹೊರಗೆ ದಬ್ಬಿದೆ. ಅತ್ತೆ ಮಲಗಿದ್ದರು. ಮತ್ತೆ ಬೇಸನ್ ಹುರಿದೆ, ಮತ್ತೆ ಚಕ್ಕಲಿ ಒತ್ತಿದೆ, ಮತ್ತೆ ಕರ್ಚಿಕಾಯಿ ಕರಿದೆ. ಎಲ್ಲವನ್ನೂ ಪ್ಲಾಸ್ಟಿಕ್ ಚೀಲಗಳಲ್ಲಿ ಅಚ್ಚುಕಟ್ಟಾಗಿ ಕಟ್ಟಿ, ಒಡೆಯದಿರಲೆಂದು ನನ್ನ ಮೆತ್ತನೆಯ ಇಲಕಲ್ ಸೀರೆಯಲ್ಲಿ ಸುತ್ತಿ, ಮಲಗುವ ಕೋಣೆಯ ಅಟ್ಟದ ಮೇಲಿದ್ದ ನೀಲಿ ಸೂಟ್‌ಕೇಸ್‌ನೊಳಗೆ ಮಲಗಿಸಿದೆ. ಊರಿಗೆ ಹೋಗುವಾಗ ಬಿಟ್ಟರೆ ಆ ಸೂಟ್‌ಕೇಸ್ ಯಾರಿಗೂ ನೆನಪಾಗುವುದಿಲ್ಲ. ಈ ರಜೆಯಲ್ಲಿ ನಾವು ಎಲ್ಲಿಗೂ ಹೊರಟಿರಲಿಲ್ಲ. (ಹೋಗೋಣವೆಂದು ನಾನು ಹೇಳಿದ್ದೆ. ಸೋಫಾ ಒಪ್ಪಲಿಲ್ಲ.) ಸ್ಟೂಲಿನಿಂದ ಇಳಿದಾಗ ನನ್ನ ಮೇಲೆ ನನಗೇ ಗೌರವ ಬಂತು.

ಮುಂದಿನ ದಿನಗಳಲ್ಲಿ ಮೂವರೂ ಮನೆ ಜಾಲಾಡಿದರು. ವಾಷಿಂಗ್ ಮಶೀನು ತೆರೆದರು, ಹಾಸಿಗೆ ಮಗುಚಿದರು. ಅಂಬರೀಷ ದೀನನಾಗಿ, "ಒಂದಽ ಒಂದು ಕೊಡು ಮಮ್ಮಿ, ಬರೇ ಅದರ ಮಾರಿ ನೋಡಿ ಇಡ್ತೇನಿ," ಎಂದ. ನಾನು ಕರಗಲಿಲ್ಲ. "ಪಾಡ್ಯದ ದಿನಾ," ಎಂದೆ.

ಪಾಡ್ಯ ಬಂತು. ಅತ್ತೆ ಹಬ್ಬದ ಪದ್ಧತಿಯಂತೆ ಬಾಗಿಲಲ್ಲಿ ಸಗಣಿಯ ಪಾಂಡವರ ಗೊಂಬೆಗಳನ್ನು ಕೂಡಿಸಿ, ಚೆಂಡುಹೂ ಚುಚ್ಚಿ ಮುಗಿಸುವ ಹೊತ್ತಿಗೆ ರಜನಿ ತನ್ನ ಇಬ್ಬರು ಗಂಡುಮಕ್ಕಳೊಂದಿಗೆ ಬಂದಿಳಿದಳು. ಹುಡುಗರು ಅಂಬರೀಷನಿಗಿಂತ ಒಂದು ಗೇಣು ಮೇಲೆಯೇ ಇದ್ದರು. ಕುಶಲ ವಿಚಾರಿಸಿ, ಚಹಾ ಇಟ್ಟು, ದೊಡ್ಡ ಸ್ಟೀಲು ತಟ್ಟೆಗಳನ್ನು ಜೋಡಿಸಿ, ನಾನು ಮಹಾರಾಣಿಯ ಗತ್ತಿನಲ್ಲಿ ಗಂಡನಿಗೆ ಹೇಳಿದೆ:

"ರೀ, ಅಟ್ಟದ ಮ್ಯಾಲಿನ ನೀಲಿ ಸೂಟ್‌ಕೇಸ್ ಇಳಸ್ರಿ."

ಅವರು ಒಳಗೆ ಹೋದರು. ಬರಿಗೈಯಲ್ಲಿ ಬಂದರು. "ಸೂಟ್‌ಕೇಸ್ ಇಲ್ಲಲ್ಲ?"

ನನ್ನ ತಲೆಗೆ ರಕ್ತವೇರಿತು. ಬಂದವರಿದ್ದಾರೆ ಎಂಬುದೂ ಮರೆತು ಮಕ್ಕಳ ಮೇಲೆ ಹರಿಹಾಯ್ದೆ. "ಸೂಟ್‌ಕೇಸ್ ಸುದ್ದಾ ತಿಂದ್ರೇನು? ಗಾಲಿ ಉಳಿಸೀರೋ ಅವನೂ ನುಂಗೀರೋ?"

"ಅದರಾಗ ಇಟ್ಟಿದ್ಯಾ!" ಸ್ನೇಹಲ್ ಹಣೆ ಬಡಿದುಕೊಂಡಳು. "ನಿನ್ನೆ ನಾನ ಕೈಯಾರೆ ಇಳಿಸಿ ಕೊಟ್ನಲ್ಲಾ!" ಎಂದು ಅಂಬರೀಷ ಅಳುವಂತಾದ.

"ಯಾರಿಗೆ ಕೊಟ್ಟಿ?"

ಉತ್ತರ ಬಂದದ್ದು ಅತ್ತೆಯಿಂದ. "ಮುಸರತಗ. ಆಕಿ ಪೆಟಗಿ ಗಾಲಿ ಮುರದಿತ್ತಂತ. ನೀ ಪ್ಯಾಟಿಗೆ ಹೂವಿಗೆ ಹೋಗಿದ್ದಿ. ಖಾಲಿ ಬಿದ್ದೈತಿ ಒಯ್ಯವಾ ಅಂತ ಕೊಟ್ಟೆ. ಸ್ವಲ್ಪ ವಜ್ಜಾ ಆತು ಅಂದ ಅಂಬರೀಷ. ಆಗಿನ ಕಾಲದ್ದು ಗಟ್ಟಿ ಮಾಲು ಅಂತ ನಾನ ಹೇಳಿದೆ."

ಮುಸರತ ನಮ್ಮ ಪಕ್ಕದ ಮನೆಯವಳು. ಅವಳು, ಗಂಡ ಯಾಸೀನ ಮತ್ತು ಮಕ್ಕಳು ರಜೆಗೆಂದು ಮೈಸೂರಿಗೆ ಅದೇ ದಿನ ಬೆಳಿಗ್ಗೆ ರೈಲು ಹತ್ತಿದ್ದರು. ವಾರದ ಹಿಂದೆ ಕಂಪೌಂಡಿನ ಬಳಿ ಅವಳು ಈ ಸುದ್ದಿ ಹೇಳಿದಾಗ ನಾನು, ಎಲ್ಲರೂ ಹೇಳುವಂತೆ, "ದಾರ್ಯಾಗ ತಿನ್ನಾಕ ಏನರ ಕಟ್ಟಿ ಕೊಡ್ತೇನಿ ತಗೋ" ಎಂದಿದ್ದೆ. ಅಂಥ ಮಾತನ್ನು ಯಾರಾದರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆಯೇ?

ಹಚ್ಚಿಕೊಂಡಿದ್ದಳು. ನಾವು ಹೀಗೆ ನಿಂತಿರುವಾಗಲೇ ನನ್ನ ಫೋನಿಗೆ ಅವಳ ವಿಡಿಯೋ ಕಾಲ್ ಬಂತು. ನಾನು ಕೈ ಚಾಚುವ ಮೊದಲೇ ಸ್ನೇಹಲ್ ಒತ್ತಿ ಎಲ್ಲರೆದುರು ಹಿಡಿದಳು. ಪರದೆಯ ತುಂಬ ರೈಲಿನ ಡಬ್ಬಿ, ಡಬ್ಬಿಯ ತುಂಬ ಜಗಿಯುವ ಬಾಯಿಗಳು.

"ಅಕ್ಕಾ!" ಮುಸರತಳ ಕಣ್ಣು ತುಂಬಿತ್ತು. "ಕಟ್ಟಿ ಕೊಡ್ತೇನಿ ಅಂದಾಗ ನಾಕ ಚಕ್ಕಲಿ ಕೊಡ್ತೀರಿ ಅಂದ್ಕೊಂಡಿದ್ದೆ. ನಡುರಾತ್ರಿ ಅರಬಿ ತುಂಬಾಕ ಪೆಟಗಿ ತಗದ್ರ ಇದೇನ್ರಿ, ಮದಿವಿ ಬುತ್ತಿ ಕಟ್ಟಿದಂಗ ಕಟ್ಟೀರಿ! ಅದರ ಮ್ಯಾಲೆ ಇಲಕಲ್ ಸೀರಿ ಬ್ಯಾರೆ! ನನ್ನ ಒಡಹುಟ್ಟಿದ ಅಕ್ಕನೂ ಹಿಂಗ ಕೊಟ್ಟಿಲ್ರಿ. ಒಬ್ಬರ ತಿನ್ನಬಾರದಂತ ಡಬ್ಬಿ ಮಂದಿಗೆಲ್ಲಾ ಹಂಚಾಕತ್ತೇನಿ!"

ಅವಳ ಹಿಂದೆ ಯಾರೋ ಅಪರಿಚಿತ ಅಜ್ಜ ನನ್ನ ಕರ್ಚಿಕಾಯಿ ಹಿಡಿದ ಕೈಯನ್ನೇ ಎತ್ತಿ ನಮಸ್ಕಾರ ಮಾಡಿದ. "ಚಿರಂಜೀವಿ ಆಗವಾ," ಎಂದ, ಬಾಯಿ ತುಂಬಿಕೊಂಡೇ.

ಫೋನು ಕಟ್ಟಾಯಿತು. ಎಲ್ಲರೂ ನನ್ನತ್ತ ತಿರುಗಿದರು. ನಿಜ ಹೇಳಬಹುದಿತ್ತು. 'ಹೆತ್ತ ಮಕ್ಕಳಿಂದ ಬಚ್ಚಿಟ್ಟಿದ್ದೆ, ರಜನೀ, ನಿನ್ನ ಬಾಯಿ ಮುಚ್ಚಿಸಲಿಕ್ಕೆ' ಎಂದು ಹೇಳಲು ನಾಲಿಗೆ ಏಳಲಿಲ್ಲ. "ಪಾಪ, ದೂರದ ಪ್ರಯಾಣಾ," ಎಂದೆ, ಸಣ್ಣಗೆ.

"ಹೂಂ. ಭಾಳ ದೊಡ್ಡ ಮನಸು," ಎಂದರು ಅತ್ತೆ, ನನ್ನನ್ನೇ ನೋಡುತ್ತ.

"ಮಗಾ ಬೇಡಿದ್ರ ಒಂದ ಉಂಡಿ ಹುಟ್ಟಲಿಲ್ಲ," ಎಂದ ಅಂಬರೀಷ. ಅವನ ಮುಖ ನೋಡಲಾಗಲಿಲ್ಲ.

ತಟ್ಟೆಗಳು ಹಾಗೇ ಖಾಲಿ. ರಜನಿ ನಿಧಾನವಾಗಿ ಎದ್ದಳು. ಬೆನ್ನು ಸವರಲು ಬರುತ್ತಿದ್ದಾಳೆ ಎಂದು ನನ್ನ ಬೆನ್ನಿಗೆ ಮೊದಲೇ ಗೊತ್ತಾಯಿತು. ಅಷ್ಟರಲ್ಲಿ ಮಕ್ಕಳಿಬ್ಬರೂ ಏನೋ ಕಣ್ಸನ್ನೆ ಮಾಡಿಕೊಂಡು ಕೋಣೆಗೆ ನುಗ್ಗಿದರು. ಹೊರಬಂದಾಗ ಸ್ನೇಹಲ್ ಕೈಯಲ್ಲಿ ಒಂದು ತಾಟು. ಉಂಡಿ, ಚಕ್ಕಲಿ, ಕರ್ಚಿಕಾಯಿ, ಗೋಪುರದಂತೆ.

"ತಗೋರಿ ಅತ್ತ್ಯಾ. ಮಮ್ಮಿ ನಿಮಗಂತ ಬ್ಯಾರೆ ತಗದಿಟ್ಟಿದ್ರು."

ನಾನು ಅವಳ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದೆ. "ಎಲ್ಲಿತ್ತಿದು?"

"ಅಂಬರೀಷನ ಸಾಲಿ ಚೀಲದಾಗ. ಸೂಟಿ ಮುಗಿಯೋತನಾ ಅದನ್ನ ಯಾರೂ ತಗಿಯೂದಿಲ್ಲಲ್ಲ ಮಮ್ಮಿ."

"ಕದ್ದು ಇಟ್ಟಿದ್ರಿ?"

"ಮೊದಲನೇ ಸಲ ಮಾಡಿದ್ದರಾಗಿಂದು. ನೀ ಎಲ್ಲಾ ಮಂದಿಗೆ ಹಂಚಿಬಿಡ್ತಿ ಅಂತ ನಮಗ ಗೊತ್ತಿತ್ತು." ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಖರೇನ ಹಂಚಿದಿ."

ಕಳ್ಳರಿಗೆ ಬೈಯಬೇಕೋ, ಕೈ ಮುಗಿಯಬೇಕೋ ತಿಳಿಯಲಿಲ್ಲ. ಹೊರಗೆ ರಜನಿ ಶುಗರ್ ಮರೆತು ಉಂಡಿ ಮುರಿಯುತ್ತಿದ್ದಳು. (ಅವಳ ಇನ್ನೊಂದು ಕೈಯಲ್ಲಿದ್ದ ಕರ್ಚಿಕಾಯಿಗೆ ನೀಲಿ ಶಾಯಿಯ ಗೀಟು ಇತ್ತು. ನಾನು ಹೇಳಲಿಲ್ಲ.) ತಾಟು ಬರಿದಾದಾಗ ಅವಳು ನನ್ನ ಕೈ ಹಿಡಿದಳು.

"ವೈನಿ, ಹೋದ ವರ್ಷ ನಾ ತಪ್ಪು ತಿಳಕೊಂಡಿದ್ದೆ. ನೀವು ನೆರಿಮನಿಯವರಿಗೆ ಸೂಟ್‌ಕೇಸ್ ತುಂಬ ಕೊಡ್ತೀರಿ. ನಿಮ್ಮ ಹುಡುಗ್ರು ಬಂದವರಿಗೆ ತಾವಾಗೇ ತಂದು ಕೊಡ್ತಾವ. ನಮ್ಮವು ನೋಡ್ರಿ, ಡಬ್ಬಿ ಸಪ್ಪಳಾದ್ರ ಸಾಕು, ಓಡಿ ಬರ್ತಾವ."

ಒಂದು ವರ್ಷದ ಉರಿ ಆ ಕ್ಷಣ ಆರಿತು. ನಾನು ನಕ್ಕು, "ನಮ್ಮಿಂದ ಕಲಿಯೂದು ಏನೈತಿ ಬಿಡ್ರಿ," ಎಂದೆ. ಆಡಬಾರದಿತ್ತು.

"ಇಲ್ಲ ವೈನಿ, ಕಲೀಲಿ. ಅದಕ್ಕಽ ಇಬ್ಬರನ್ನೂ ಸೂಟಿ ಮುಗಿಯೋತನಾ ಇಲ್ಲೇ ಬಿಟ್ಟು ಹೋಗ್ತೇನಿ. ನಿಮ್ಮ ಕೈಯಾಗ ನಾಕ ದಿನಾ ಇದ್ರ ಮಕ್ಕಳು ಮಕ್ಕಳಾಗ್ತಾವ."

ಗಂಡ, ಮಕ್ಕಳು, ಅತ್ತೆ ಎಲ್ಲರೂ ಒಕ್ಕೊರಲಿನಿಂದ "ಹೂಂ!" ಎಂದರು. ಈ ಮನೆಯಲ್ಲಿ ಎಲ್ಲರೂ ಒಂದೇ ಮಾತಿಗೆ ಬಂದದ್ದನ್ನು ನಾನು ಮೊದಲ ಬಾರಿ ಕಂಡೆ. ಸಂಜೆಯ ಬಸ್ಸಿಗೆ ರಜನಿ ಕೈ ಬೀಸುತ್ತ ಗದಗಕ್ಕೆ ಹೋದಳು. ಅವಳನ್ನು ಕಳಿಸಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವಳ ಹಿರಿಯ ಮಗ ಅಡುಗೆಮನೆಯ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ನಿಂತಿದ್ದ.

"ಮಾಮಿ, ತಿನ್ನಾಕ ಏನೈತ್ರಿ?"

ನಾನು ಕಡಾಯಿ ಒಲೆಯ ಮೇಲಿಟ್ಟು ಬೇಸನ್ ಸುರಿದೆ. ಸೋಫಾದಿಂದ ಇತಿಹಾಸಕಾರರ ದನಿ ಬಂತು: "ಕರುಣಾ, ಈ ಸಲ ಒಂದೀಟು ಜಾಸ್ತಿನ ಹುರಿ. ಮಂದಿ ಹೆಚ್ಚಾಗೇವಿ."